ಅರ್ಧ ಬ್ಯಾಂಡ್‌ಗೆ 45 ಅಂಕ: ನುರಿತ ಕೆಲಸಗಾರರ ವಲಸೆಗೆ ಭಾಷೆ ಸಿದ್ಧ ಮಾಡಿಕೊಳ್ಳುವುದು ಹೇಗೆ?

ಮೊದಲ ಸಲ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದಾಗ ನನಗೆ ಲಿಸನಿಂಗ್‌ನಲ್ಲಿ, ಅಂದರೆ ಕೇಳುವ ಭಾಗದಲ್ಲಿ, ಬಂದದ್ದು 7.5 ಬ್ಯಾಂಡ್. ಬೇಕಿದ್ದದ್ದು 8. ಉಳಿದ ಮೂರರಲ್ಲೂ (ಓದು, ಬರಹ, ಮಾತು) 7 ಇತ್ತು. ಅರ್ಧ ಬ್ಯಾಂಡ್ ತಾನೇ, ಏನು ಮಹಾ ಅಂದುಕೊಂಡೆ. ಆಮೇಲೆ ಎಕ್ಸ್‌ಪ್ರೆಸ್ ಎಂಟ್ರಿ, ಅಂದರೆ ನುರಿತ ಕೆಲಸಗಾರರನ್ನು ಅಂಕ ನೋಡಿ ಕಾಯಂ ವಾಸಕ್ಕೆ ಆರಿಸುವ ಕೆನಡಾದ ಪದ್ಧತಿಯ ಲೆಕ್ಕಕ್ಕೆ ಅದನ್ನು ಹಾಕಿ ನೋಡಿದೆ. ಒಂದು ಡಿಗ್ರಿ, ಹೊರದೇಶದಲ್ಲಿ ಮೂರು ವರ್ಷದ ಕೆಲಸ, ಒಬ್ಬಂಟಿ ಅರ್ಜಿದಾರ. ಆ ಅರ್ಧ ಬ್ಯಾಂಡ್ ನನ್ನಿಂದ ಕಿತ್ತುಕೊಂಡದ್ದು ಬರೋಬ್ಬರಿ 45 ಅಂಕ.

ಅದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಕೆನಡಾ ನಿಮ್ಮ ಐಇಎಲ್‌ಟಿಎಸ್ ಅಂಕವನ್ನು ತನ್ನದೇ ಅಳತೆಗೆ ಬದಲಾಯಿಸಿಕೊಳ್ಳುತ್ತದೆ. ಆ ಅಳತೆಯ ಹೆಸರು ಸಿಎಲ್‌ಬಿ. ಲಿಸನಿಂಗ್‌ನಲ್ಲಿ 7.5 ಅಂದರೆ ಸಿಎಲ್‌ಬಿ 8, 8.0 ಅಂದರೆ ಸಿಎಲ್‌ಬಿ 9. ಸಿಎಲ್‌ಬಿ 8ಕ್ಕೆ 23 ಅಂಕ, 9ಕ್ಕೆ 31. ಅಲ್ಲಿಗೆ ಹೋದದ್ದು ಎಂಟೇ. ಆದರೆ ಡಿಗ್ರಿಗೂ ಹೊರದೇಶದ ಅನುಭವಕ್ಕೂ ಭಾಷೆಯ ಜೊತೆ ಸೇರಿಸಿ ಕೊಡುವ ಬೇರೆ ಅಂಕಗಳಿವೆ. ನಾಲ್ಕರಲ್ಲೂ ಸಿಎಲ್‌ಬಿ 9 ಇದ್ದರೆ ಡಿಗ್ರಿಗೆ 25, ಅನುಭವಕ್ಕೆ 50. ನಾಲ್ಕರಲ್ಲಿ ಒಂದೇ ಒಂದು ಕೆಳಗಿಳಿದರೂ ಅವು 13 ಮತ್ತು 25ಕ್ಕೆ ಕುಸಿಯುತ್ತವೆ. ಎಂಟು, ಹನ್ನೆರಡು, ಇಪ್ಪತ್ತೈದು. ಕೂಡಿಸಿ ನೋಡಿ.

ಹಾಗಾಗಿ ನಾಲ್ಕು ಕಾಲಿನಲ್ಲಿ ಯಾವುದು ಗಿಡ್ಡವೋ ಅದೇ ನಿಮ್ಮ ಎತ್ತರ. ಚೆನ್ನಾಗಿ ಬರುವುದನ್ನೇ ಇನ್ನಷ್ಟು ಚೆನ್ನಾಗಿ ಮಾಡಿಕೊಳ್ಳಲು ಹೋಗಿ ಎಷ್ಟೋ ಜನ ತಿಂಗಳುಗಟ್ಟಲೆ ಕಳೆಯುತ್ತಾರೆ. ನಾನೂ ಅದನ್ನೇ ಮಾಡಿದ್ದೆ.

ಹಂತ 1: ಎಷ್ಟು ಬೇಕು ಅಂತ ಮೊದಲು ತಿಳಿದುಕೊಳ್ಳಿ

"ಇಂಗ್ಲಿಷ್ ಇಂಪ್ರೂವ್ ಮಾಡ್ಕೋಬೇಕು" ಅನ್ನುವುದು ಗುರಿ ಅಲ್ಲ. ಗುರಿ ಅಂದರೆ ಒಂದು ದೇಶ, ಒಂದು ಪರೀಕ್ಷೆ, ನಾಲ್ಕು ಅಂಕಿ.

ಕೆನಡಾದ ಫೆಡರಲ್ ಸ್ಕಿಲ್ಡ್ ವರ್ಕರ್ ದಾರಿಗೆ ನಾಲ್ಕರಲ್ಲೂ ಸಿಎಲ್‌ಬಿ 7 ಕನಿಷ್ಠ, ಅಂದರೆ ಐಇಎಲ್‌ಟಿಎಸ್ ಜನರಲ್‌ನಲ್ಲಿ ನಾಲ್ಕರಲ್ಲೂ 6.0. ಆದರೆ ಅದು ಒಳಗೆ ಕಾಲಿಡಲು ಮಾತ್ರ. ಪೈಪೋಟಿಯಲ್ಲಿ ನಿಲ್ಲಬೇಕಾದರೆ ಸಿಎಲ್‌ಬಿ 9 ಗುರಿ ಇಟ್ಟುಕೊಳ್ಳಿ: ಲಿಸನಿಂಗ್ 8.0, ಉಳಿದ ಮೂರೂ 7.0. ವೆಲ್ಡರ್, ಎಲೆಕ್ಟ್ರಿಷಿಯನ್ ತರಹದ ಕುಶಲ ಕೆಲಸದವರಿಗೆ ಬೇರೆ ದಾರಿ ಇದೆ. ಅಲ್ಲಿ ಕೇಳುವುದು ಮತ್ತು ಮಾತಿಗೆ ಸಿಎಲ್‌ಬಿ 5, ಓದು ಬರಹಕ್ಕೆ 4 ಸಾಕು. ಒಟ್ಟಾರೆ ಬ್ಯಾಂಡ್ ಅಂತ ಸರ್ಟಿಫಿಕೇಟಿನಲ್ಲಿ ದೊಡ್ಡದಾಗಿ ಬರೆದಿರುತ್ತದಲ್ಲ, ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಆಸ್ಟ್ರೇಲಿಯಾದ ಅಂಕ ಪದ್ಧತಿಯಲ್ಲಿ ನಾಲ್ಕರಲ್ಲೂ 6 ಇದ್ದರೆ ಒಳಗೆ ಬರಬಹುದು, ಅಂಕ ಮಾತ್ರ ಸೊನ್ನೆ. ನಾಲ್ಕರಲ್ಲೂ 7 ಬಂದರೆ 10 ಅಂಕ, 8 ಬಂದರೆ 20. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾಗೆ ಮೊದಲು ಬಿ1 ಸಾಕಾಗಿತ್ತು (ಭಾಷೆ ಎಷ್ಟು ಬರುತ್ತದೆ ಅನ್ನುವುದಕ್ಕೆ ಯುರೋಪಿನ ಅಳತೆಯಲ್ಲಿ ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಆರು ಮೆಟ್ಟಿಲು). 2026ರ ಜನವರಿ 8ರಿಂದ ಹೊಸ ಅರ್ಜಿದಾರರಿಗೆ ಅದನ್ನು ಬಿ2ಗೆ ಏರಿಸಿದ್ದಾರೆ.

ಜರ್ಮನಿಯದ್ದು ಬೇರೆಯದೇ ಲೆಕ್ಕ. ಅಲ್ಲಿ 2024ರ ಜೂನ್‌ನಿಂದ ಚಾನ್ಸೆನ್‌ಕಾರ್ಟೆ ಅನ್ನುವ ಅವಕಾಶ ಕಾರ್ಡ್ ಇದೆ, ಅಲ್ಲಿಗೆ ಹೋಗಿ ಕೆಲಸ ಹುಡುಕಲು ಕೊಡುವ ಪರವಾನಗಿ. ಅಂಕದ ದಾರಿಯಲ್ಲಿ ಅರ್ಜಿ ಹಾಕಲು ಜರ್ಮನ್ ಎ1 ಅಥವಾ ಇಂಗ್ಲಿಷ್ ಬಿ2 ಬೇಕು, ಒಟ್ಟು ಆರು ಅಂಕ ಸೇರಬೇಕು. ಜರ್ಮನ್ ಎ2ಗೆ ಒಂದು ಅಂಕ, ಬಿ1ಗೆ ಎರಡು, ಬಿ2ಗೆ ಮೂರು. ಬ್ಲೂ ಕಾರ್ಡ್‌ನಲ್ಲಿ (ನುರಿತ ಕೆಲಸ ಸಿಕ್ಕವರಿಗೆ ಕೊಡುವ ಪರವಾನಗಿ) ಹೋಗುವವರಿಗೆ ಶುರುವಿನಲ್ಲಿ ಜರ್ಮನ್ ಕೇಳುವುದಿಲ್ಲ. ಹಾಗಂತ ಬಿಟ್ಟು ಕೂತರೆ ನಷ್ಟ ನಿಮಗೇ. ಎ1 ಇದ್ದವರಿಗೆ ಕಾಯಂ ವಾಸದ ಪರವಾನಗಿ 27 ತಿಂಗಳಿಗೆ, ಬಿ1 ಇದ್ದವರಿಗೆ 21 ತಿಂಗಳಿಗೇ.

ಈ ನಿಯಮಗಳು ಆಗಾಗ ಬದಲಾಗುತ್ತವೆ. ದುಡ್ಡು ಕಟ್ಟುವ ಮುಂಚೆ ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ಒಮ್ಮೆ ತೆರೆದು ನೋಡಿ. ಏಜೆಂಟ್ ಹೇಳಿದ್ದು, ಗ್ರೂಪಿನಲ್ಲಿ ಯಾರೋ ಹಾಕಿದ್ದು ಲೆಕ್ಕಕ್ಕಿಲ್ಲ.

ಹಂತ 2: ಪರೀಕ್ಷೆ ಆರಿಸಿಕೊಳ್ಳಿ

ಇಲ್ಲಿ ಎಡವುವವರು ಜಾಸ್ತಿ. ಐಇಎಲ್‌ಟಿಎಸ್‌ನಲ್ಲಿ ಅಕಾಡೆಮಿಕ್, ಜನರಲ್ ಅಂತ ಎರಡಿವೆ. ಎಕ್ಸ್‌ಪ್ರೆಸ್ ಎಂಟ್ರಿಗೆ ಜನರಲ್ ಮಾತ್ರ ನಡೆಯುತ್ತದೆ. ಪಿಟಿಇ ಅನ್ನುವ ಇನ್ನೊಂದು ಇಂಗ್ಲಿಷ್ ಪರೀಕ್ಷೆಯಲ್ಲಿ ಕೋರ್ ನಡೆಯುತ್ತದೆ, ಅಕಾಡೆಮಿಕ್ ನಡೆಯುವುದಿಲ್ಲ. ಮನೆಯಲ್ಲೇ ಕೂತು ಬರೆಯುವ ಆನ್‌ಲೈನ್ ಐಇಎಲ್‌ಟಿಎಸ್ ಕೂಡ ಆಗುವುದಿಲ್ಲ. ಬ್ರಿಟನ್ನಿಗೆ ಐಇಎಲ್‌ಟಿಎಸ್ ಬರೆಯುವುದಾದರೆ ಯುಕೆವಿಐಗೆಂದೇ (ಬ್ರಿಟನ್ನಿನ ವೀಸಾ ಇಲಾಖೆ) ಇರುವ ಪರೀಕ್ಷೆಯನ್ನು ಬುಕ್ ಮಾಡಬೇಕು. ಬುಕ್ ಮಾಡುವಾಗ ಒಂದು ತಪ್ಪು ಬಟನ್ ಒತ್ತಿದರೆ ಪೂರ್ತಿ ಶುಲ್ಕ ನೀರಿಗೆ ಹೋದ ಹಾಗೆ.

ಕೆನಡಾಕ್ಕೆ ಸೆಲ್ಪಿಪ್ ಜನರಲ್ ಅನ್ನುವ ಪರೀಕ್ಷೆ ಕೂಡ ಇದೆ. ಅದು ಪೂರ್ತಿ ಕಂಪ್ಯೂಟರ್‌ನಲ್ಲಿ, ಒಂದೇ ಸಲ ಕೂತು ಸುಮಾರು ಮೂರು ಗಂಟೆ. ಬರುವ ಅಂಕವೇ ಸಿಎಲ್‌ಬಿ, ಬದಲಾಯಿಸುವ ತಲೆನೋವಿಲ್ಲ. ಮಾತಾಡುವುದು ಮನುಷ್ಯರ ಎದುರಿಗಲ್ಲ, ಮೈಕ್ ಮುಂದೆ.

ಯಾವುದು ಸುಲಭ ಅಂತ ಕೇಳಬೇಡಿ, ನಿಮಗೆ ಯಾವುದು ಹೊಂದುತ್ತದೆ ಅಂತ ಕೇಳಿಕೊಳ್ಳಿ. ಎದುರಿಗೆ ಮನುಷ್ಯ ಇದ್ದರೆ ಮಾತು ಬರುವವರಿಗೆ ಐಇಎಲ್‌ಟಿಎಸ್. ಎದುರಿಗೆ ಯಾರಾದರೂ ಕೂತರೆ ಬಾಯಿ ಒಣಗುವವರಿಗೆ ಮೈಕ್ ವಾಸಿ. ಆದರೆ ಸೆಲ್ಪಿಪ್, ಪಿಟಿಇ ಕೋಣೆಯಲ್ಲಿ ಪಕ್ಕದವರೂ ಅದೇ ಹೊತ್ತಿಗೆ ಮಾತಾಡುತ್ತಿರುತ್ತಾರೆ. ಸದ್ದಿನ ನಡುವೆ ಮಾತಾಡಿ ಅಭ್ಯಾಸ ಇರಲಿ. ಎಲ್ಲದರ ಉಚಿತ ಮಾದರಿ ಪ್ರಶ್ನೆಗಳೂ ಅವರವರ ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಒಂದೊಂದನ್ನು ಅರ್ಧ ದಿನ ಮಾಡಿ ನೋಡಿ, ಆಮೇಲೆ ಒಂದನ್ನು ಹಿಡಿದು ಉಳಿದವನ್ನು ಬಿಟ್ಟುಬಿಡಿ.

ಹಂತ 3: ಅಭ್ಯಾಸಕ್ಕೆ ಮುಂಚೆ ಒಂದು ಪೂರ್ತಿ ಪರೀಕ್ಷೆ

ಏನೂ ಓದದೆ, ಏನೂ ತಯಾರಿ ಇಲ್ಲದೆ, ಗಡಿಯಾರ ಇಟ್ಟುಕೊಂಡು ಒಂದು ಮಾದರಿ ಪರೀಕ್ಷೆ ಪೂರ್ತಿ ಬರೆಯಿರಿ. ಮಧ್ಯೆ ಎದ್ದು ಹೋಗುವಂತಿಲ್ಲ. ಲಿಸನಿಂಗ್ ಆಡಿಯೋ ಒಂದೇ ಸಲ. ನಾಚಿಕೆ ಆಗುವಷ್ಟು ಕಡಿಮೆ ಬಂದರೂ ಪರವಾಗಿಲ್ಲ. ನಿಜವಾದ ಅಂಕಿ ಕೈಯಲ್ಲಿ ಇರಬೇಕು, ಅಷ್ಟೇ.

ಲಿಸನಿಂಗ್‌ನಲ್ಲಿ 40ಕ್ಕೆ ಸುಮಾರು 35 ಸರಿ ಇದ್ದರೆ 8.0. ಜನರಲ್ ರೀಡಿಂಗ್‌ನಲ್ಲಿ 7.0 ಬೇಕೆಂದರೆ ಸುಮಾರು 34 ಸರಿ ಇರಬೇಕು. ಬರಹ, ಮಾತಿಗೆ ನಿಮಗೆ ನೀವೇ ಅಂಕ ಕೊಟ್ಟುಕೊಳ್ಳುವುದು ಕಷ್ಟ. ಅದಕ್ಕೆ ಗೊತ್ತಿರುವ ಒಬ್ಬ ಮೇಷ್ಟ್ರು ಬೇಕು, ಒಂದೆರಡು ಸಲಕ್ಕಾದರೂ.

ಈಗ ಸಮಯದ ಲೆಕ್ಕ. ಸೊನ್ನೆಯಿಂದ ಬಿ1ಕ್ಕೆ ತಲುಪಲು ಸುಮಾರು 350ರಿಂದ 400 ಗಂಟೆ, ಬಿ2ಗೆ 500ರಿಂದ 600, ಸಿ1ಗೆ 700ರಿಂದ 800 ಗಂಟೆಯ ಕಲಿಕೆ ಬೇಕು ಅಂತ ಇಂಗ್ಲಿಷ್ ಪರೀಕ್ಷೆ ನಡೆಸುವ ಕೇಂಬ್ರಿಜ್‌ನವರ ಅಂದಾಜು. ಅಂದರೆ ಒಂದು ಮೆಟ್ಟಿಲಿಗೆ ಹೆಚ್ಚು ಕಡಿಮೆ 200 ಗಂಟೆ. ದಿನಕ್ಕೆ ಒಂದೂವರೆ ಗಂಟೆಯಂತೆ ನಾಲ್ಕೂವರೆ ತಿಂಗಳು. "ಹತ್ತು ದಿನದಲ್ಲಿ 8 ಬ್ಯಾಂಡ್" ಅನ್ನುವ ಜಾಹೀರಾತು ನೋಡಿದಾಗ ಈ ಲೆಕ್ಕ ನೆನಪಿಟ್ಟುಕೊಳ್ಳಿ. ಹತ್ತು ದಿನದಲ್ಲಿ ಪರೀಕ್ಷೆಯ ರೀತಿ ಕಲಿಯಬಹುದು. ಭಾಷೆ ಕಲಿಯಲು ಆಗುವುದಿಲ್ಲ.

ಹಂತ 4: ಕಿವಿ

ನನ್ನ 7.5ಕ್ಕೆ ಕಾರಣ ಏನಿರಬಹುದು ಅಂತ ಆಮೇಲೆ ಮಾದರಿ ಪರೀಕ್ಷೆಗಳಲ್ಲಿ ಹುಡುಕಿದೆ. ಗೊತ್ತಿಲ್ಲದ ಪದಗಳು ಅಲ್ಲವೇ ಅಲ್ಲ. "ಟಿಕೆಟ್ಸ್" ಅಂದದ್ದಕ್ಕೆ "ಟಿಕೆಟ್" ಅಂತ ಬರೆದಿದ್ದೆ. ಕೊನೆಯ "ಸ್" ಕಿವಿಗೆ ಬಿದ್ದಿರಲೇ ಇಲ್ಲ. ಇನ್ನೊಂದು ಕಡೆ "ಎರಡು ಪದಕ್ಕಿಂತ ಹೆಚ್ಚು ಬೇಡ" ಅಂದಿದ್ದಲ್ಲಿ ಮೂರು ಪದ ಬರೆದಿದ್ದೆ. ಮತ್ತೊಂದು ಕಡೆ ಒಬ್ಬಾಕೆ "ಮಂಗಳವಾರ ಬರುತ್ತೇನೆ" ಅಂದಳು. ನಾನು ಮಂಗಳವಾರ ಬರೆದು ನೆಮ್ಮದಿಯಾಗಿ ಕೂತೆ. ಮುಂದಿನ ಉಸಿರಿನಲ್ಲೇ "ಅಯ್ಯೋ ಇಲ್ಲ, ಅವತ್ತು ಆಗಲ್ಲ, ಗುರುವಾರ" ಅಂದಳು. ಈ ತರಹ ಹೇಳಿ ತಿದ್ದಿಕೊಳ್ಳುವುದು ಐಇಎಲ್‌ಟಿಎಸ್‌ನ ಹಳೇ ಆಟ.

ಕಿವಿಗೆ ನಾನು ಕಂಡ ಒಳ್ಳೆಯ ಮದ್ದು ಉಕ್ತಲೇಖನ. ಶಾಲೆಯಲ್ಲಿ ಮೇಷ್ಟ್ರು ಹೇಳಿ ಬರೆಸುತ್ತಿದ್ದರಲ್ಲ, ಅದೇ. ಮಾಡುವುದು ಹೀಗೆ:

1. ಎರಡು ನಿಮಿಷದ ಆಡಿಯೋ ತೆಗೆದುಕೊಳ್ಳಿ. ಸಂದರ್ಶನ, ಪಾಡ್‌ಕಾಸ್ಟ್, ಸುದ್ದಿ ಏನಾದರೂ ಸರಿ. ಬರಹ ರೂಪವೂ ಸಿಗುವಂಥದ್ದು ಇರಲಿ.
2. ಒಮ್ಮೆ ಸುಮ್ನೆ ಕೇಳಿ. ಎರಡನೇ ಸಲ ವಾಕ್ಯಕ್ಕೊಂದು ಸಲ ನಿಲ್ಲಿಸುತ್ತಾ ಕೇಳಿದ್ದನ್ನೆಲ್ಲ ಬರೆಯಿರಿ. ಗೊತ್ತಾಗದ ಕಡೆ ಗೆರೆ ಎಳೆದು ಬಿಡಿ.
3. ಮೂಲದ ಜೊತೆ ಹೋಲಿಸಿ. ಪ್ರತಿ ತಪ್ಪಿನ ಪಕ್ಕ ಕಾರಣ ಬರೆಯಿರಿ: ಪದ ಗೊತ್ತಿರಲಿಲ್ಲ, ಪದ ಗೊತ್ತಿತ್ತು ಆದರೆ ಕೇಳಿಸಲಿಲ್ಲ, ಅಥವಾ ಗಮನ ಬೇರೆ ಕಡೆ ಹೋಯಿತು.
4. ಆಡಿಯೋ ಜೊತೆಗೇ ನೀವೂ ಗಟ್ಟಿಯಾಗಿ ಹೇಳಿ, ನೆರಳಿನ ಹಾಗೆ ಹಿಂದೆಯೇ.

ಒಂದು ವಾರ ಮಾಡಿದರೆ ಗೊತ್ತಾಗುತ್ತದೆ, ಎರಡನೇ ಕಾರಣವೇ ಜಾಸ್ತಿ. ನಾವು ಇಂಗ್ಲಿಷನ್ನು ಕಣ್ಣಿನಿಂದ ಕಲಿತವರು. "ವಾಂಟ್ ಟು" ಅಂತ ಕಾಯುತ್ತಾ ಕೂತಿದ್ದರೆ ಅವರು "ವಾನ" ಅಂದು ಮುಂದೆ ಹೋಗಿರುತ್ತಾರೆ. "ಶುಡ್ ಹ್ಯಾವ್" ಅನ್ನುವುದು "ಶುಡವ್" ಆಗುತ್ತದೆ. "ಥರ್ಟೀನ್" ಮತ್ತು "ಥರ್ಟಿ" ನಡುವೆ ಇರುವ ವ್ಯತ್ಯಾಸ ಒತ್ತು ಬೀಳುವ ಜಾಗದಲ್ಲಿ. ಇದನ್ನು ಯಾವ ಪುಸ್ತಕ ಓದಿದರೂ ಕಲಿಯಲಾಗುವುದಿಲ್ಲ, ನೂರು ಸಲ ಕೇಳಿಯೇ ಕಲಿಯಬೇಕು.

ಅಮೆರಿಕನ್ ಸಿನಿಮಾ ನೋಡಿ ಕಿವಿ ಪಳಗಿದೆ ಅಂದುಕೊಳ್ಳಬೇಡಿ. ಐಇಎಲ್‌ಟಿಎಸ್‌ನಲ್ಲಿ ಬ್ರಿಟಿಷ್, ಆಸ್ಟ್ರೇಲಿಯನ್, ನ್ಯೂಜಿಲೆಂಡ್ ಉಚ್ಚಾರಣೆಗಳೂ ಬರುತ್ತವೆ. ಸಬ್‌ಟೈಟಲ್ ಹಾಕಿಕೊಂಡು ನೋಡುವುದು ಓದುವ ಅಭ್ಯಾಸವಾಗುತ್ತದೆ, ಕೇಳುವುದಲ್ಲ.

ಹಂತ 5: ಓದು

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ನಾಲ್ಕರಲ್ಲಿ ಸುಲಭವಾದದ್ದು ಇದೇ. 60 ನಿಮಿಷ, 40 ಪ್ರಶ್ನೆ. ಜನರಲ್‌ನಲ್ಲಿ ಮೊದಲು ನೋಟಿಸು, ಜಾಹೀರಾತಿನಂಥ ಸಣ್ಣ ತುಣುಕುಗಳು, ನಂತರ ಕೆಲಸದ ಜಾಗದ ಬರಹಗಳು, ಕೊನೆಗೆ ಒಂದು ಉದ್ದ ಲೇಖನ. ಕೊನೆಯದಕ್ಕೆ 25 ನಿಮಿಷವಾದರೂ ಉಳಿಯುವ ಹಾಗೆ ನೋಡಿಕೊಳ್ಳಿ.

ಕಾಡುವುದು "ಫಾಲ್ಸ್" ಮತ್ತು "ನಾಟ್ ಗಿವನ್" ನಡುವಿನ ಗೊಂದಲ. ಒಂದು ಹೇಳಿಕೆ ಕೊಟ್ಟು ಅದು ಓದಿದ ಬರಹಕ್ಕೆ ಹೊಂದುತ್ತದೆಯೇ ಅಂತ ಕೇಳುತ್ತಾರೆ. ಬರಹ ಆ ಹೇಳಿಕೆಗೆ ವಿರುದ್ಧವಾಗಿ ಹೇಳಿದ್ದರೆ ಫಾಲ್ಸ್. ಆ ಮಾತನ್ನೇ ಎತ್ತಿಲ್ಲ ಅಂದರೆ ನಾಟ್ ಗಿವನ್. ನಿಮ್ಮ ಸ್ವಂತ ತಿಳಿವಳಿಕೆಯನ್ನು ಹೊರಗೆ ಬಿಟ್ಟು ಬನ್ನಿ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ.

ಹಂತ 6: ಬರಹ, ಅಂದರೆ ನಿಜವಾದ ಗೋಡೆ

ಎರಡನೇ ಸಲ ಬರೆದಾಗ ನನ್ನ ಲಿಸನಿಂಗ್ 8.5ಕ್ಕೆ ಏರಿತು. ಕುಣಿದಾಡುವ ಮುಂಚೆ ಕೆಳಗಿನ ಸಾಲು ನೋಡಿದೆ. ಬರಹ 7ರಿಂದ 6.5ಕ್ಕೆ ಇಳಿದಿತ್ತು. ಕೆನಡಾಕ್ಕೆ ನಾಲ್ಕೂ ಅಂಕ ಒಂದೇ ಪರೀಕ್ಷೆಯದ್ದಾಗಿರಬೇಕು. ಮೊದಲ ಸಲದ ಬರಹ, ಎರಡನೇ ಸಲದ ಲಿಸನಿಂಗ್ ಅಂತ ಜೋಡಿಸುವಂತಿಲ್ಲ. ಮತ್ತೆ ಅದೇ 45 ಅಂಕ ಖೋತಾ.

ಜನರಲ್‌ನಲ್ಲಿ 60 ನಿಮಿಷಕ್ಕೆ ಎರಡು ಕೆಲಸ: ಕನಿಷ್ಠ 150 ಪದದ ಒಂದು ಪತ್ರ, 250 ಪದದ ಒಂದು ಪ್ರಬಂಧ. ಪ್ರಬಂಧಕ್ಕೆ ಪತ್ರದ ಎರಡರಷ್ಟು ತೂಕ. ಹಾಗಾಗಿ ಪತ್ರಕ್ಕೆ 20 ನಿಮಿಷ ದಾಟಬೇಡಿ. ಅಂಕ ನಾಲ್ಕು ವಿಷಯ ನೋಡಿ ಕೊಡುತ್ತಾರೆ, ನಾಲ್ಕಕ್ಕೂ ಸಮಪಾಲು: ಕೇಳಿದ್ದಕ್ಕೆ ಉತ್ತರಿಸಿದ್ದೀರಾ, ಮಾತು ಒಂದಕ್ಕೊಂದು ಕೂಡಿ ಬಂದಿದೆಯಾ, ಪದಗಳು, ವ್ಯಾಕರಣ.

ಎರಡನೇ ಸಲ ಸೋತ ಮೇಲೆ ಹಳೆಯ ಎಂಟು ಪ್ರಬಂಧಗಳನ್ನು ಒಬ್ಬ ಮೇಷ್ಟ್ರಿಗೆ ಕೊಟ್ಟೆ. ಅವರು ಕೆಂಪು ಪೆನ್ನಿನಲ್ಲಿ ಗುರುತು ಮಾಡಿದರು, ತಿದ್ದಲಿಲ್ಲ. "ತಿದ್ದುವುದು ನಿಮ್ಮ ಕೆಲಸ" ಅಂದರು. ಅರ್ಧಕ್ಕಿಂತ ಜಾಸ್ತಿ ಗುರುತುಗಳು "ಎ" ಮತ್ತು "ದ" ಬಿಟ್ಟುಹೋದ ಕಡೆ ಇದ್ದವು. ಕನ್ನಡದಲ್ಲಿ ಅವು ಇಲ್ಲವೇ ಇಲ್ಲ, ಬಿಟ್ಟುಹೋಗುವುದು ನಮಗೆ ಕಾಣುವುದೂ ಇಲ್ಲ.

ಪತ್ರದಲ್ಲಿ ನಾನು ಬರೆದಿದ್ದ ಒಂದು ವಾಕ್ಯ ನೋಡಿ:

"ಐ ಹ್ಯಾವ್ ಡಿಸ್ಕಸ್ಡ್ ಅಬೌಟ್ ದಿಸ್ ವಿತ್ ಮ್ಯಾನೇಜರ್ ಯೆಸ್ಟರ್‌ಡೇ ಇಟ್‌ಸೆಲ್ಫ್."

ಓದಲು ಸರಾಗವಾಗಿದೆ ಅಲ್ವಾ? ಇದರಲ್ಲಿ ನಾಲ್ಕು ತಪ್ಪಿವೆ. "ಯೆಸ್ಟರ್‌ಡೇ" ಇದ್ದ ಕಡೆ "ಹ್ಯಾವ್ ಡಿಸ್ಕಸ್ಡ್" ಬರುವಂತಿಲ್ಲ, ಬರೀ "ಡಿಸ್ಕಸ್ಡ್". ಕನ್ನಡದಲ್ಲಿ "ನಿನ್ನೆ ಮಾತಾಡಿದ್ದೇನೆ" ಅನ್ನಬಹುದು, ಇಂಗ್ಲಿಷ್‌ನಲ್ಲಿ ಆಗದು. "ಅಬೌಟ್" ಬೇಡ. ಅದು "ಇದರ ಬಗ್ಗೆ" ಎಂಬುದರಿಂದ ಬಂದದ್ದು. "ಮ್ಯಾನೇಜರ್" ಹಿಂದೆ "ಮೈ" ಬೇಕು. ಇನ್ನು "ಇಟ್‌ಸೆಲ್ಫ್" ಅನ್ನುವುದು "ನಿನ್ನೆಯೇ" ಎಂಬುದರ ಏಕಾರ, ಇಂಗ್ಲಿಷ್ ಬಟ್ಟೆ ಹಾಕಿಕೊಂಡು ಬಂದಿದೆ. ಸರಿಯಾದದ್ದು: "ಐ ಡಿಸ್ಕಸ್ಡ್ ದಿಸ್ ವಿತ್ ಮೈ ಮ್ಯಾನೇಜರ್ ಯೆಸ್ಟರ್‌ಡೇ." ಅಷ್ಟೇ.

ಇಂಥವು ಸಿಕ್ಕಿದಾಗೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಎಡಗಡೆ ನಿಮ್ಮ ತಪ್ಪು, ಬಲಗಡೆ ಸರಿ, ಕೆಳಗೆ ಅದೇ ರೀತಿಯ ಮೂರು ಹೊಸ ವಾಕ್ಯ. ನನ್ನ ನೋಟ್‌ಬುಕ್‌ನಲ್ಲಿ "ಮಾಡು" ಅನ್ನುವುದಕ್ಕೇ ಒಂದು ಪುಟ ಇತ್ತು. ಕನ್ನಡದಲ್ಲಿ ಕೆಲಸವನ್ನೂ ಮಾಡುತ್ತೇವೆ, ತಪ್ಪನ್ನೂ ಮಾಡುತ್ತೇವೆ. ಇಂಗ್ಲಿಷ್‌ನಲ್ಲಿ ಕೆಲಸಕ್ಕೆ "ಡು", ತಪ್ಪಿಗೆ "ಮೇಕ್". "ಡಿಡ್ ಎ ಮಿಸ್ಟೇಕ್" ಅಂತ ನಾನು ಎಷ್ಟು ವರ್ಷ ಹೇಳಿದ್ದೇನೋ. ಹೊಸ ಪದ ಕಲಿಯುವಾಗಲೂ ಒಂಟಿ ಪದ ಬೇಡ, ಅದರ ಜೊತೆಗಾರನನ್ನೂ ಸೇರಿಸಿ ಕಲಿಯಿರಿ. ನಿಘಂಟಿನ ಭಾರೀ ಪದ ತಂದು ತಪ್ಪು ಜಾಗದಲ್ಲಿ ಕೂರಿಸಿದರೆ ಇರುವ ಅಂಕವೂ ಹೋಗುತ್ತದೆ.

ಪ್ರಬಂಧ ಶುರು ಮಾಡುವಾಗ "ಇಂದಿನ ಆಧುನಿಕ ಯುಗದಲ್ಲಿ" ಅನ್ನುವ ಪೀಠಿಕೆಯನ್ನು ಇಂಗ್ಲಿಷ್‌ಗೆ ತಿರುಗಿಸಿ ಇಡುವ ಚಟ ನಮಗೆ ಶಾಲೆಯಿಂದ ಬಂದದ್ದು. ಬಿಟ್ಟುಬಿಡಿ. ಬಾಯಿಪಾಠದ ವಾಕ್ಯಗಳನ್ನು ಪರೀಕ್ಷಕರು ದೂರದಿಂದಲೇ ಗುರುತಿಸುತ್ತಾರೆ. ಮೊದಲ ಐದು ನಿಮಿಷ ಬರೆಯಲೇಬೇಡಿ. ಪ್ರಶ್ನೆಯಲ್ಲಿ ಎಷ್ಟು ಭಾಗ ಇವೆ ಎಣಿಸಿ, ನಿಮ್ಮ ನಿಲುವು ಒಂದು ಸಾಲಿನಲ್ಲಿ ಗೀಚಿಕೊಳ್ಳಿ, ಎರಡು ಕಾರಣ, ಎರಡು ಉದಾಹರಣೆ ಇಟ್ಟುಕೊಳ್ಳಿ. ಪತ್ರದಲ್ಲಿ ಮೂರು ಅಂಶ ಕೊಟ್ಟಿರುತ್ತಾರೆ. ಮೂರನ್ನೂ ಮುಟ್ಟಲೇಬೇಕು. ಗೆಳೆಯನಿಗೆ ಬರೆಯುವಾಗ ಗೆಳೆಯನ ಹಾಗೆ, ಕಚೇರಿಗೆ ಬರೆಯುವಾಗ ಕಚೇರಿಯ ಹಾಗೆ.

ವಾರಕ್ಕೆ ಎರಡು ಪ್ರಬಂಧ ಸಾಕು. ಆದರೆ ತಿದ್ದಿಸಿಕೊಂಡ ಮೇಲೆ ಅದನ್ನೇ ಮತ್ತೆ ಪೂರ್ತಿ ಬರೆಯಿರಿ. ಎರಡನೇ ಸಲ ಬರೆಯುವಾಗ ಬೇಜಾರಾಗುತ್ತದೆ, ಕಲಿಯುವುದೂ ಆಗಲೇ.

ಹಂತ 7: ಮಾತು

ಐಇಎಲ್‌ಟಿಎಸ್‌ನಲ್ಲಿ 11ರಿಂದ 14 ನಿಮಿಷದ ಮಾತುಕತೆ, ಮೂರು ಭಾಗ. ಮೊದಲು ನಿಮ್ಮ ಬಗ್ಗೆ ಸಣ್ಣಪುಟ್ಟ ಪ್ರಶ್ನೆ. ಎರಡನೆಯದರಲ್ಲಿ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಒಂದರಿಂದ ಎರಡು ನಿಮಿಷ ಮಾತಾಡಿಸುತ್ತಾರೆ. ಮೂರನೆಯದು ಚರ್ಚೆ.

ಫೋನ್ ಎತ್ತಿಕೊಳ್ಳಿ, "ನೀವು ಯಾರಿಗಾದರೂ ಸಹಾಯ ಮಾಡಿದ ಸಂದರ್ಭ" ಅಂತ ಒಂದು ವಿಷಯಕ್ಕೆ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ಆಮೇಲೆ ಕೇಳಿ. ನನ್ನ ಮೊದಲ ರೆಕಾರ್ಡಿಂಗ್ ಕೇಳಿದಾಗ ಅರ್ಧದಲ್ಲೇ ಆಫ್ ಮಾಡಿದ್ದೆ. ಎರಡು ನಿಮಿಷದಲ್ಲಿ "ಆಕ್ಚುವಲಿ" ಹದಿನಾಲ್ಕು ಸಲ. ಅದು ನನಗೆ ಮಾತಾಡುವಾಗ ಗೊತ್ತೇ ಆಗಿರಲಿಲ್ಲ. ಹೇಳಿದ್ದನ್ನು ಅಕ್ಷರಶಃ ಬರೆದುಕೊಳ್ಳಿ, ತಿದ್ದಿ, ಮತ್ತೆ ಅದೇ ವಿಷಯಕ್ಕೆ ಮಾತಾಡಿ. ಒಂದು ವಿಷಯಕ್ಕೆ ಮೂರು ಸುತ್ತು. ಮೂರನೆಯದನ್ನು ಮೊದಲನೆಯದರ ಪಕ್ಕ ಇಟ್ಟು ಕೇಳಿದರೆ ಬೇರೆ ಯಾರೋ ಮಾತಾಡಿದ ಹಾಗಿರುತ್ತದೆ.

ಮಧ್ಯೆ ತಡವರಿಸುವುದಕ್ಕೆ ಇನ್ನೊಂದು ಕಾರಣ ವಾಕ್ಯದ ಕಟ್ಟು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. "ಹೋದ ವರ್ಷ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನಿಗೆ..." ಅಂತ ನಿಧಾನವಾಗಿ ಸುತ್ತಿ ಬರಬಹುದು. ಅದೇ ದಾರಿಯಲ್ಲಿ ಇಂಗ್ಲಿಷ್ ವಾಕ್ಯ ಶುರು ಮಾಡಿದರೆ ನಡುವೆ ಸಿಕ್ಕಿಹಾಕಿಕೊಳ್ಳುತ್ತೀರಿ. ಯಾರು, ಏನು ಮಾಡಿದರು ಅನ್ನುವುದನ್ನು ಮೊದಲೇ ಹೇಳಿಬಿಡಿ: "ಐ ಹೆಲ್ಪ್ಡ್ ಎ ಕಲೀಗ್." ಯಾವಾಗ, ಎಲ್ಲಿ, ಯಾಕೆ ಎಲ್ಲ ಆಮೇಲೆ ಬರಲಿ.

ಉಚ್ಚಾರಣೆ ಬಗ್ಗೆ ಸುಮ್ನೆ ಭಯ ಬೇಡ. ನೀವು ಕನ್ನಡಿಗರ ಹಾಗೆ ಮಾತಾಡಿದರೆ ಅಂಕ ಕಳೆಯುವುದಿಲ್ಲ. ಕೇಳುವವರಿಗೆ ಅರ್ಥವಾಗದೆ ಹೋದರೆ ಕಳೆಯುತ್ತಾರೆ. ಕೆಲವು ಮಾತ್ರ ಗಮನಿಸಿ. "ವೆಸ್ಟ್" ಅಂದರೆ ಒಳಅಂಗಿಯೂ ಹೌದು, ಪಶ್ಚಿಮವೂ ಹೌದು. ನಮ್ಮ "ವ" ಎರಡಕ್ಕೂ ಒಂದೇ. ಇಂಗ್ಲಿಷ್‌ನಲ್ಲಿ ಒಳಅಂಗಿಗೆ ಕೆಳತುಟಿ ಹಲ್ಲಿಗೆ ತಾಗಬೇಕು, ಪಶ್ಚಿಮಕ್ಕೆ ಎರಡೂ ತುಟಿ ದುಂಡಗಾಗಬೇಕು. "ಎಂಡ್" ಅನ್ನುವುದನ್ನು "ಯೆಂಡ್" ಅನ್ನುತ್ತೇವೆ, "ಓನ್ಲಿ" ಅನ್ನುವುದನ್ನು "ವೋನ್ಲಿ" ಅನ್ನುತ್ತೇವೆ. ಬಸ್ಸು, ಕಾರು ಅಂತ ಕೊನೆಗೆ ಉಕಾರ ಸೇರಿಸುತ್ತೇವೆ. ಎಲ್ಲಕ್ಕಿಂತ ಮುಖ್ಯ ಒತ್ತು. "ಫೋಟೋಗ್ರಾಫ್" ಅನ್ನುವಾಗ ಒತ್ತು ಮೊದಲ ಭಾಗಕ್ಕೆ, "ಫೋಟೋಗ್ರಾಫರ್" ಅನ್ನುವಾಗ ಎರಡನೆಯದಕ್ಕೆ, "ಫೋಟೋಗ್ರಾಫಿಕ್" ಅನ್ನುವಾಗ ಮೂರನೆಯದಕ್ಕೆ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಟ್ಟು ರೂಢಿ, ಅದೇ ರೂಢಿಯಲ್ಲಿ ಇಂಗ್ಲಿಷ್ ಆಡಿದರೆ ಅವರಿಗೆ ಕೇಳಲು ಕಷ್ಟ.

ಪ್ರಶ್ನೆ ಕೇಳಿಸಲಿಲ್ಲ ಅಂದರೆ ಇನ್ನೊಮ್ಮೆ ಹೇಳಿ ಅಂತ ಕೇಳಿ. ಏನೋ ಊಹಿಸಿ ಉತ್ತರ ಕೊಡುವುದಕ್ಕಿಂತ ಅದು ಮೇಲು. ಬರೀ "ಯೆಸ್", "ನೋ" ಅಂತ ಮುಗಿಸಬೇಡಿ. ಉತ್ತರ, ಯಾಕೆ, ಒಂದು ಉದಾಹರಣೆ. ಅಷ್ಟು ಸಾಕು.

ಹಂತ 8: ದಿನದ ಲೆಕ್ಕ

ಕೆಲಸಕ್ಕೆ ಹೋಗುವವರಿಗೆ ದಿನಕ್ಕೆ ಒಂದೂವರೆ ಗಂಟೆ. ಅರ್ಧ ಗಂಟೆ ಉಕ್ತಲೇಖನ, ಇಪ್ಪತ್ತು ನಿಮಿಷ ರೆಕಾರ್ಡಿಂಗ್, ಉಳಿದದ್ದು ಆ ದಿನದ ಬರಹ ಅಥವಾ ಓದು. ಮಲಗುವ ಮುಂಚೆ ನೋಟ್‌ಬುಕ್ ಐದು ನಿಮಿಷ ತಿರುವಿ ಹಾಕಿ. ವಾರಪೂರ್ತಿ ಮುಟ್ಟದೆ ರಜೆ ದಿನ ಆರು ಗಂಟೆ ಕೂರುವುದು ದಂಡ. ಕಿವಿ, ನಾಲಿಗೆ ದಿನಾ ಕೇಳುತ್ತವೆ.

ಸಮಯ ಸಮಾನವಾಗಿ ಹಂಚಬೇಡಿ. ಯಾವುದು ಗಿಡ್ಡವೋ ಅದಕ್ಕೆ ಅರ್ಧ ಸಮಯ. ಎರಡು ವಾರಕ್ಕೊಮ್ಮೆ ಪೂರ್ತಿ ಮಾದರಿ ಪರೀಕ್ಷೆ ಬರೆದು ಮತ್ತೆ ಅಳೆಯಿರಿ, ಗಿಡ್ಡವಾದದ್ದು ಬದಲಾಗಿರಬಹುದು. ಸತತ ಮೂರು ಮಾದರಿಯಲ್ಲಿ ಬೇಕಾದ ಅಂಕ ಬಂದ ಮೇಲೆ ಪರೀಕ್ಷೆ ಬುಕ್ ಮಾಡಿ. ನಾನು ಮೊದಲು ಬುಕ್ ಮಾಡಿ ಆಮೇಲೆ ಓದಿದವನು. ಅದರ ಬೆಲೆ ಗೊತ್ತು.

ಎರಡನೇ ಭಾಷೆ ಬೇಕಾ?

ಕೆನಡಾಕ್ಕೆ ಹೋಗುವವರಿಗೆ ಫ್ರೆಂಚ್ ದೊಡ್ಡ ಆಸರೆ. ಫ್ರೆಂಚ್‌ನ ನಾಲ್ಕರಲ್ಲೂ ಎನ್‌ಸಿಎಲ್‌ಸಿ 7 (ಸಿಎಲ್‌ಬಿ ತರಹವೇ ಫ್ರೆಂಚ್‌ಗೆ ಇರುವ ಅಳತೆ), ಇಂಗ್ಲಿಷ್‌ನಲ್ಲಿ ಸಿಎಲ್‌ಬಿ 5 ಇದ್ದರೆ 50 ಅಂಕ ಹೆಚ್ಚುವರಿ ಸಿಗುತ್ತದೆ. 2023ರಿಂದ ಫ್ರೆಂಚ್ ಬಲ್ಲವರಿಗೇ ಬೇರೆ ಸುತ್ತಿನ ಆಯ್ಕೆಗಳೂ ನಡೆಯುತ್ತಿವೆ. ಪರೀಕ್ಷೆ ಟಿಇಎಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ. ಆದರೆ ಎನ್‌ಸಿಎಲ್‌ಸಿ 7 ಅಂದರೆ ಹೆಚ್ಚು ಕಡಿಮೆ ಬಿ2. ಇಂಗ್ಲಿಷ್ ಸಿಎಲ್‌ಬಿ 9 ಮುಟ್ಟದೆ ಫ್ರೆಂಚ್‌ಗೆ ಕೈ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಇಂಗ್ಲಿಷ್‌ನಲ್ಲಿ ಅರ್ಧ ಬ್ಯಾಂಡ್ ಏರಿಸುವುದು ಹೊಸ ಭಾಷೆಗಿಂತ ಅಗ್ಗ.

ಜರ್ಮನ್ ಕಲಿಯುವವರಿಗೆ ಒಂದು ಖುಷಿ ಸುದ್ದಿ. ಉಪವಾಕ್ಯದಲ್ಲಿ ಅವರ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ, ಥೇಟ್ ನಮ್ಮ ಹಾಗೆ. ಇಂಗ್ಲಿಷ್‌ನವರು ತಲೆ ಕೆರೆದುಕೊಳ್ಳುವ ಜಾಗದಲ್ಲಿ ನಾವು ಆರಾಮ. ಮೇಜು ಗಂಡು, ದೀಪ ಹೆಣ್ಣು ಅನ್ನುವ ಲಿಂಗದ ಕಾಟ ಮಾತ್ರ ತಪ್ಪಿದ್ದಲ್ಲ. ಪದದ ಜೊತೆಗೇ "ಡೆರ್", "ಡಿ", "ಡಾಸ್" ಸೇರಿಸಿ ಬಾಯಿಗೆ ಹಾಕಿಕೊಳ್ಳಿ. ಗೊಯಟೆ ಸಂಸ್ಥೆಯ ಬಿ1, ಬಿ2 ಪರೀಕ್ಷೆಗಳಲ್ಲಿ ನಾಲ್ಕು ಭಾಗವನ್ನು ಬಿಡಿಬಿಡಿಯಾಗಿ ಬರೆಯಬಹುದು. ಪ್ರತಿ ಭಾಗಕ್ಕೂ ನೂರಕ್ಕೆ 60 ಬೇಕು.

ಹಂತ 9: ಪರೀಕ್ಷೆ, ಫಲಿತಾಂಶ, ಆಮೇಲೆ

ಬುಕ್ ಮಾಡುವಾಗ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಲಿ, ಅದೇ ಪಾಸ್‌ಪೋರ್ಟ್ ಪರೀಕ್ಷೆಗೂ ತನ್ನಿ. ಕಂಪ್ಯೂಟರ್ ಮೇಲೆ ಬರೆಯುವುದಾದರೆ ಟೈಪಿಂಗ್ ವೇಗ ಮೊದಲೇ ನೋಡಿಕೊಳ್ಳಿ. 40 ನಿಮಿಷದಲ್ಲಿ 270 ಪದ ಟೈಪ್ ಮಾಡಿ, ಓದಿ, ತಿದ್ದುವಷ್ಟು ಇರಬೇಕು. ಕೊನೆಯ ಮೂರು ನಿಮಿಷ "ಎ", "ದ" ಮತ್ತು ಬಹುವಚನದ "ಸ್" ಹುಡುಕುವುದಕ್ಕೇ ಮೀಸಲು. ಮೂರನೇ ಸಲ ನನಗೆ ಬರಹದಲ್ಲಿ 7 ತಂದುಕೊಟ್ಟದ್ದು ಆ ಮೂರು ನಿಮಿಷವೇ ಅಂತ ನನ್ನ ನಂಬಿಕೆ.

ಬರಹ, ಮಾತಿನ ಅಂಕ ನೋಡಿ ಅನ್ಯಾಯ ಅನ್ನಿಸಿದರೆ ಐಇಎಲ್‌ಟಿಎಸ್‌ನಲ್ಲಿ ಮರುಮೌಲ್ಯಮಾಪನ ಕೇಳಬಹುದು. ಪರೀಕ್ಷೆಯಾದ ಆರು ವಾರದೊಳಗೆ ಅರ್ಜಿ ಹಾಕಬೇಕು. ಅಂಕ ಬದಲಾದರೆ ಶುಲ್ಕ ವಾಪಸ್. ಮೂರರಲ್ಲಿ ಭರ್ತಿ ಬಂದು ಒಂದರಲ್ಲಿ ಅರ್ಧ ಬ್ಯಾಂಡ್ ಕಡಿಮೆ ಇದ್ದರೆ ಕೇಳಿ ನೋಡಬಹುದು. ಒಂದೂವರೆ ಕಡಿಮೆ ಇದ್ದರೆ ಆ ದುಡ್ಡನ್ನು ಮೇಷ್ಟ್ರಿಗೆ ಕೊಡಿ. ಒಂದೇ ಭಾಗವನ್ನು ಮತ್ತೆ ಬರೆಯುವ ಸೌಲಭ್ಯವೂ ಐಇಎಲ್‌ಟಿಎಸ್‌ನಲ್ಲಿ ಇದೆ, ಆದರೆ ಎಲ್ಲ ದೇಶವೂ ಅದನ್ನು ಒಪ್ಪುವುದಿಲ್ಲ. ನಿಮ್ಮ ದೇಶ ಒಪ್ಪುತ್ತದೆಯೋ ನೋಡಿ ಆಮೇಲೆ ಕಟ್ಟಿ.

ಕೆನಡಾಕ್ಕೆ ಫಲಿತಾಂಶ ಎರಡು ವರ್ಷ ಮಾತ್ರ ಚಾಲ್ತಿ. ಪ್ರೊಫೈಲ್ ಹಾಕುವ ದಿನ ಮಾತ್ರವಲ್ಲ, ಕರೆ ಬಂದು ಕಾಯಂ ವಾಸಕ್ಕೆ ಅರ್ಜಿ ಹಾಕುವ ದಿನವೂ ಅದು ಚಾಲ್ತಿಯಲ್ಲಿರಬೇಕು. ಫಲಿತಾಂಶ ಬಂದ ದಿನವೇ ಅವಧಿ ಮುಗಿಯುವ ತಾರೀಖಿಗೆ ಆರು ತಿಂಗಳು ಮುಂಚೆ ಫೋನ್‌ನಲ್ಲಿ ರಿಮೈಂಡರ್ ಇಟ್ಟುಬಿಡಿ.